ನಾನು ಪಕ್ಷ ಬದಲಿಸಿಲ್ಲ: ಗುಲಾಬಿಯಾದ ಬಿಳಿ ಪಂಚೆಯ ಸಂದರ್ಶನ

ಬೆಂಗಳೂರಿನ ಅಪಾರ್ಟ್‌ಮೆಂಟೊಂದರ ಯುಟಿಲಿಟಿಯಲ್ಲಿ ಬಟ್ಟೆ ಸ್ಟ್ಯಾಂಡಿನ ಮೇಲೆ ನೇತಾಡುತ್ತಿದ್ದ ಪಂಚೆಯವರು ಮಾತಿಗೆ ಸಿಕ್ಕರು. ಜರಿ ಅಂಚು ಹಾಗೇ ಇದೆ, ಒಡಲು ಮಾತ್ರ ಬಾಂಬೆ ಮಿಠಾಯಿ ಬಣ್ಣ.

ಪ್ರಶ್ನೆ: 2024ರ ಜುಲೈನಲ್ಲಿ ಮಾಗಡಿ ರಸ್ತೆಯ ಮಾಲಿನಲ್ಲಿ ಪಂಚೆ ಉಟ್ಟ ರೈತರೊಬ್ಬರನ್ನು ಬಾಗಿಲಲ್ಲೇ ತಡೆದರಲ್ಲ. ನಿಮ್ಮ ಕುಲಕ್ಕಾದ ಆ ಅವಮಾನ...

ಪಂಚೆ: ಅದಿರಲಿ ಸ್ವಾಮಿ. ಮೊದಲು ಆ ಟವೆಲ್ ವಿಷಯ ಬರ್ಕೊಳ್ಳಿ. ಹೊಸದು, ಕಡುಗೆಂಪು, ಹುಟ್ಟಿದ ಮೇಲೆ ನೀರನ್ನೇ ಕಂಡಿರಲಿಲ್ಲ. ಮೆಷಿನ್ನಿಗೆ ಬಂದು ನನ್ನ ಪಕ್ಕ ಕೂತಿತು. ಬಿಸಿನೀರು ಬಿಟ್ಟರು. ನೂಲಿಗೆ ಹಿಡಿಯದೆ ಉಳಿದಿದ್ದ ಬಣ್ಣವನ್ನೆಲ್ಲ ಕಕ್ಕಿತು. ಹತ್ತಿ ನೋಡಿ ನಾನು, ಕುಡಿದುಬಿಟ್ಟೆ. ಈಗ ಮನೆಗೆ ಬಂದವರೆಲ್ಲ ಯಾವ ಪಕ್ಷ ಸೇರಿದಿರಿ ಅಂತ ಕೇಳ್ತಾರೆ.

ಪ್ರಶ್ನೆ: ಆ ಕೆಂಪು ನೀರು ಒಳಚರಂಡಿಗೆ ಹೋಯಿತು ತಾನೆ? ಬೆಳ್ಳಂದೂರು ಕೆರೆಯ ನೊರೆಗೆ 2015ರಲ್ಲಿ ಬೆಂಕಿಯೇ ಹತ್ತಿತ್ತು. ಡಿಟರ್ಜೆಂಟಿನ ರಂಜಕ, ಸಂಸ್ಕರಿಸದ ಕೊಳಚೆ, ಗಾಳಿಗೆ ಹಾರಿ ಬೈಕಿನವರ ಮುಖಕ್ಕೆ ಬಡಿಯುವ ನೊರೆ...

ಪಂಚೆ: ನನಗೆ ಕೆರೆ ಗೊತ್ತಿಲ್ಲ, ಟವೆಲ್ ಗೊತ್ತು. ಮದುವೆ ಊಟದಲ್ಲಿ ನನ್ನ ಮೇಲೆ ಸಾಂಬಾರ್ ಚೆಲ್ಲಿದ್ದಾರೆ. ಅರಿಶಿನದ ಕಲೆಗೆ ಸೋಪು ಉಜ್ಜಿದರೆ ಕೆಂಪಗಾಗುತ್ತೆ, ಮನೆಯವರು ಹೌಹಾರಿದ್ದರು. ನೀರಲ್ಲಿ ಜಾಲಿಸಿ ಬಿಸಿಲಿಗೆ ಹಾಕಿದ ಮೇಲೆ ಕಲೆ ಮಾಸಿಹೋಯಿತು. ಅರಿಶಿನ ಸಂಭಾವಿತ. ಈ ಟವೆಲ್ ಇದೆಯಲ್ಲ...

ಪ್ರಶ್ನೆ: ಬೋರ್‌ವೆಲ್ಲಿನ ಗಡಸು ನೀರಿಗೆ ನೊರೆ ಬರಲ್ಲ ಅಂತ ಜನ ಇನ್ನೊಂದು ಚಮಚ ಪುಡಿ ಸುರಿಯುತ್ತಾರೆ. ಆ ಚಮಚವೇ ಕೊನೆಗೆ ಕೆರೆಗೆ...

ಪಂಚೆ: ಸಂದರ್ಶನ ನಂದೋ ಕೆರೇದೋ?

ಪ್ರಶ್ನೆ: ಸರಿ, ನಿಮ್ಮದೇ. ಬಣ್ಣದ ಬಟ್ಟೆ ಬೇರೆ ಮಾಡಿ ಎರಡು ಸಲ ಮೆಷಿನ್ ಓಡಿಸಿ ಅಂತೀರೇನೋ. 2024ರ ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾದು ಕೂತ ಊರಿದು.

ಪಂಚೆ: ಎರಡು ಬುಟ್ಟಿ ಇಡಿ, ತುಂಬಿದ ಬುಟ್ಟಿ ಮೆಷಿನ್ನಿಗೆ ಹೋಗಲಿ. ಹೊಸ ಬಟ್ಟೆಯ ಮೂಲೆ ಒದ್ದೆ ಮಾಡಿ ಬಿಳಿ ಕರ್ಚೀಫಿಗೆ ಒತ್ತಿ ನೋಡಿ. ಬಣ್ಣ ಹತ್ತಿದರೆ ಬಕೆಟ್ಟಿನಲ್ಲಿ ಬೇರೆ ಒಗೆಯಿರಿ. ಉಪ್ಪುನೀರಲ್ಲಿ ನೆನೆಸಿದರೆ ಬಣ್ಣ ಬಿಡಲ್ಲ ಅನ್ನೋದು ಬರೀ ಮಾತು. ಉಪ್ಪಿನ ಕೆಲಸ ಬಣ್ಣ ಹಾಕುವಾಗಲೇ ಮುಗಿದಿರುತ್ತೆ. ಟವೆಲ್ಲಿಗೆ ಉಪ್ಪಲ್ಲ, ಖಾರ ಅರೆದು ಹಾಕಿದರೂ...

ಪ್ರಶ್ನೆ: ಅಷ್ಟಕ್ಕೂ ಅದನ್ನು ಒಳಗೆ ಹಾಕಿದ್ದು ಯಾರು?

(ಪಂಚೆಯವರು ಸ್ವಲ್ಪ ಹೊತ್ತು ಮಾತಾಡಲಿಲ್ಲ.)

ಪಂಚೆ: ಮಗರಾಯ. ಜಿಮ್ಮಿಂದ ಬಂದು ಬಾಗಿಲು ತೆಗೆದು ಎಸೆದು ಹೋದ. ಬೈಸಿಕೊಂಡದ್ದು ಕೆಲಸದಾಕೆ. ಅವಳು ಬಂದದ್ದೇ ಮೆಷಿನ್ ನಿಂತ ಮೇಲೆ, ಒಣಹಾಕೋಕೆ. ನನ್ನನ್ನು ಕೊಡವಿ ನೋಡಿ ಅಲ್ಲೇ ನಿಂತುಬಿಟ್ಟಳು. ಸಂಬಳದ ದಿನ ಮುನ್ನೂರು ರೂಪಾಯಿ ಹಿಡಿದುಕೊಂಡರು. ನನ್ನ ಹೆಸರಲ್ಲಿ! ಅವಳ ಮಗಳ ಶನಿವಾರದ ಬಿಳಿ ಯೂನಿಫಾರ್ಮನ್ನು ಅವಳು ರಾತ್ರಿ ಕೈಯಲ್ಲೇ ಒಗೀತಾಳೆ, ಅದಕ್ಕೆ ಇವತ್ತಿನವರೆಗೆ ಇಷ್ಟು ಬಣ್ಣ ಹತ್ತಿಲ್ಲ. ಯಾವುದನ್ನು ಯಾವುದರ ಜೊತೆ ಹಾಕಬಾರದು ಅಂತ ಅವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೇಳಿಸಿಕೊಳ್ಳಬೇಕಾದವನು ಇಂಜಿನಿಯರಿಂಗ್ ಓದ್ತಿದ್ದಾನೆ.

ಪ್ರಶ್ನೆ: ಮನೆಗೆಲಸಕ್ಕೆ ಕನಿಷ್ಠ ವೇತನವನ್ನು ನಮ್ಮ ರಾಜ್ಯ 2004ರಲ್ಲೇ ಗೊತ್ತುಮಾಡಿದೆಯಲ್ಲ?

ಪಂಚೆ: ಈ ಮನೆ ಕ್ಯಾಲೆಂಡರಲ್ಲಿ ಹಾಲಿನ ಲೆಕ್ಕದ ಪಕ್ಕ ಅವಳ ರಜೆ ಬರೆದಿಡ್ತಾರೆ. ಇಲ್ಲಿ ನಡೆಯೋ ಕಾನೂನು ಅಷ್ಟೆ.

ಟವೆಲ್ಲಿನ ಮಾತು ಅವರು ಮತ್ತೆ ಎತ್ತಲಿಲ್ಲ.

ಓದುಗರಲ್ಲಿ ಒಂದು ವಿನಂತಿ. ನಿಮ್ಮ ಮನೆಯಲ್ಲೂ ಒಂದು ಬಟ್ಟೆಗೋ ಒಂದು ಲೋಟಕ್ಕೋ ಯಾರದಾದರೂ ಸಂಬಳ ಹಿಡಿದಿದ್ದರೆ, ಹಬ್ಬ ಬರಲಿ ಅಂತ ಕಾಯಬೇಡಿ, ಈ ತಿಂಗಳೇ ಸೇರಿಸಿ ಕೊಟ್ಟುಬಿಡಿ. ಹಾಗೆಯೇ, ಹೇಳಿದ್ದನ್ನೇ ಹೇಳ್ತಾನೆ ಅಂತ ಬೈದರೂ ಸರಿ, ಡಿಟರ್ಜೆಂಟ್ ಅರ್ಧ ಚಮಚ ಕಮ್ಮಿ ಹಾಕಿ.