ನಿದ್ರಾಮೀಮಾಂಸೆ: ಏಳಲಾರದವರ ಕುರಿತು ಒಂದು ಶಾಸ್ತ್ರೀಯ ವಿಚಾರ

ಬೆಳಗಾದರೂ ಏಳದಿರುವುದು, ಎದ್ದ ಮೇಲೂ ತೂಕಡಿಸುವುದು, ಇವೆರಡೂ ಒಂದೇ ವಸ್ತುವೋ ಬೇರೆಬೇರೆಯೋ ಎಂಬ ವಿಷಯದಲ್ಲಿ ಪಂಡಿತರಲ್ಲಿ ಒಮ್ಮತವಿಲ್ಲ. ಅದ್ವೈತಿಗಳ ಪ್ರಕಾರ ಎರಡೂ ಒಂದೇ. ನಡುವೆ ಸ್ನಾನ, ತಿಂಡಿ, ಆಫೀಸು ಎಂದು ತೋರುವುದೆಲ್ಲ ಬರಿಯ ಮಾಯೆ. ದ್ವೈತಿಗಳು ಇದನ್ನು ಒಪ್ಪುವುದಿಲ್ಲ. ಮಲಗಿದವನು ಬೇರೆ, ಹಾಸಿಗೆ ಬೇರೆ, ಹೊದಿಕೆ ಬೇರೆ, ಎಬ್ಬಿಸುವವರು ಬೇರೆ, ಎಬ್ಬಿಸುವವರ ಕೈಯಲ್ಲಿರುವ ನೀರಿನ ಚೊಂಬು ಬೇರೆ. ಈ ಪಂಚಭೇದಗಳಲ್ಲಿ ಐದನೆಯದು ಪ್ರತ್ಯಕ್ಷ ಪ್ರಮಾಣದಿಂದಲೇ ಸಿದ್ಧ ಎನ್ನುತ್ತಾರೆ. ವಿಶಿಷ್ಟಾದ್ವೈತಿಗಳಾದರೋ ಹೊದಿಕೆಯು ಮಲಗಿದವನಿಗೆ ಶರೀರವೇ ಆದ್ದರಿಂದ ಅದನ್ನು ಎಳೆಯುವುದು ಅಪಚಾರವೆಂದು ವಾದಿಸುತ್ತಾರೆ. ಪ್ರಬಂಧಕಾರನು ಚಳಿಗಾಲದಲ್ಲಿ ವಿಶಿಷ್ಟಾದ್ವೈತಿ, ಉಳಿದ ಋತುಗಳಲ್ಲಿ ತಟಸ್ಥ.

ಮಾಂಡೂಕ್ಯೋಪನಿಷತ್ತು ಜಾಗ್ರತ್, ಸ್ವಪ್ನ, ಸುಷುಪ್ತಿ, ತುರೀಯ ಎಂದು ನಾಲ್ಕೇ ಅವಸ್ಥೆಗಳನ್ನು ಹೇಳಿ ಕೈತೊಳೆದುಕೊಂಡಿತು. ಐದನೆಯದೊಂದಿದೆ. ಕಣ್ಣು ಮುಚ್ಚಿಕೊಂಡೇ ಕೈಚಾಚಿ ಅಲಾರಂ ಬಾಯಿ ಮುಚ್ಚಿಸಿ, ‘ಎದ್ದಿದೀನಮ್ಮಾ’ ಎಂದು ಆಕಾಶವಾಣಿಯ ವಾರ್ತಾವಾಚಕರ ಸ್ಪಷ್ಟತೆಯಲ್ಲಿ ಘೋಷಿಸಿ, ಮಗ್ಗುಲಾಗುವ ಅವಸ್ಥೆ ಅದು. 1956ರಲ್ಲಿ ಜನರಲ್ ಎಲೆಕ್ಟ್ರಿಕ್‌ನವರು ‘ಸ್ನೂಜ್-ಅಲಾರ್ಮ್’ ಎಂಬ ಗಡಿಯಾರವನ್ನು ಮಾರುಕಟ್ಟೆಗೆ ತಂದು ಈ ಅವಸ್ಥೆಗೆ ಯಂತ್ರದ ಬೆಂಬಲ ಒದಗಿಸಿದರು. ಇಂದಿಗೂ ಎಷ್ಟೋ ಫೋನುಗಳು ಕೊಡುವ ಗಡುವು 9 ನಿಮಿಷ. ನಿದ್ದೆಯ ಒಂದು ಸುತ್ತು ಮುಗಿಯಲು ಸುಮಾರು 90 ನಿಮಿಷ ಬೇಕು. ಆದ್ದರಿಂದ ಈ ಒಂಬತ್ತು ನಿಮಿಷ ನಿದ್ದೆಗೆ ಏನೇನೂ ಸಾಲದು, ಬಸ್ಸು ತಪ್ಪಿಸಿಕೊಳ್ಳಲು ಧಾರಾಳವಾಯಿತು.

ಈ ಶಾಸ್ತ್ರದ ಆದ್ಯಾಚಾರ್ಯ ಕುಂಭಕರ್ಣನೆಂಬುದರಲ್ಲಿ ವಿವಾದವಿಲ್ಲ. ಇಂದ್ರಾಸನ ಕೇಳಹೋಗಿ ನಿದ್ರಾಸನ ಕೇಳಿದನೆಂಬ ಕತೆಯನ್ನು ನಂಬಿ ಲೋಕವು ಅವನನ್ನು ಸೋಮಾರಿ ಎಂದು ಜರೆಯಿತು. ನಾಲಿಗೆಯ ಮೇಲೆ ಸರಸ್ವತಿ ಕೂತು ಮಾಡಿದ ಕೆಲಸಕ್ಕೆ ಮಲಗಿದವನೇ ಹೊಣೆ ಹೊತ್ತದ್ದು. ಅವನನ್ನು ಎಬ್ಬಿಸಲು ಶಂಖ ಊದಿದರು, ನಗಾರಿ ಬಾರಿಸಿದರು, ಮೈಮೇಲೆ ಆನೆ ಓಡಿಸಿದರು. ‘ಯಾಕಪ್ಪಾ, ಮೈಯಲ್ಲಿ ಹುಷಾರಿಲ್ಲವಾ?’ ಎಂದು ಕೇಳಿದವರು ಇಡೀ ಲಂಕೆಯಲ್ಲಿ ಒಬ್ಬರಿಲ್ಲ. ಅವನು ಗೊರಕೆ ಹೊಡೆಯುತ್ತಿದ್ದನೆಂಬ ಒಂದೇ ಲಕ್ಷಣ ಇಂದಿನ ವೈದ್ಯರ ಕಿವಿ ನಿಮಿರಿಸಲು ಸಾಕಾಗಿತ್ತು. ಗಟ್ಟಿ ಗೊರಕೆಯ ನಡುವೆ ಗಂಟಲ ದಾರಿ ಮುಚ್ಚಿ ಹತ್ತು ಸೆಕೆಂಡೋ ಅದಕ್ಕೂ ಹೆಚ್ಚೋ ಉಸಿರು ನಿಂತು, ಮಿದುಳು ಗಾಬರಿಯಿಂದ ಅರೆ ಎಚ್ಚರಗೊಂಡು, ಮತ್ತೆ ಮಲಗಿ, ರಾತ್ರಿಯಿಡೀ ಇದೇ ನಡೆದರೆ ಅದಕ್ಕೆ ಸ್ಲೀಪ್ ಆಪ್ನಿಯಾ ಎನ್ನುತ್ತಾರೆ. ಇಂಥವನು ಹತ್ತು ಗಂಟೆ ಮಲಗಿದರೂ ನಿದ್ದೆ ಮಾಡಿರುವುದಿಲ್ಲ. ‘ಎಷ್ಟು ಸುಖವಾಗಿ ಗೊರಕೆ ಹೊಡೀತಾನೆ ನೋಡಿ’ ಎನ್ನುವ ನೆಂಟರ ಮಾತನ್ನು ಈ ಶಾಸ್ತ್ರದಲ್ಲಿ ಆಪ್ತವಾಕ್ಯವೆಂದು ಸ್ವೀಕರಿಸತಕ್ಕದ್ದಲ್ಲ.

ಇನ್ನು ಹಗಲು ನಿದ್ದೆ. ಆಹಾರ, ನಿದ್ರೆ, ಬ್ರಹ್ಮಚರ್ಯ ಇವು ಶರೀರದ ಮೂರು ಊರೆಗೋಲುಗಳೆಂದು ಚರಕಸಂಹಿತೆ ಹೇಳುತ್ತದೆ. ಮೂರರಲ್ಲಿ ಎರಡನ್ನು ನಮ್ಮ ಜನ ಶ್ರದ್ಧೆಯಿಂದ ಹಿಡಿದಿದ್ದಾರೆ. ಹಗಲಲ್ಲಿ ಮಲಗಿದರೆ ಕಫ ಕೆರಳುತ್ತದೆ, ಮಲಗಬೇಡಿ ಎಂದು ಚರಕ ಖಡಾಖಂಡಿತವಾಗಿ ಹೇಳಿದರೂ, ಜೊತೆಯಲ್ಲೇ ವಿನಾಯಿತಿಗಳ ಬಾಗಿಲು ತೆರೆಯುತ್ತಾನೆ. ಬೇಸಿಗೆಯಲ್ಲಿ ಎಲ್ಲರೂ ಮಲಗಬಹುದು. ಹಾಡಿ ದಣಿದವರು, ಓದಿ ದಣಿದವರು, ಕುಡಿದು ದಣಿದವರು, ಹೊರೆ ಹೊತ್ತವರು, ದಾರಿ ನಡೆದು ಬಳಲಿದವರು, ಮುದುಕರು, ಮಕ್ಕಳು ಯಾವ ಕಾಲದಲ್ಲಾದರೂ ಮಲಗಬಹುದು. ‘ದಾರಿ ನಡೆದು ಬಳಲಿದವರು’ ಎಂಬಲ್ಲಿ ಸಿಲ್ಕ್ ಬೋರ್ಡ್ ಜಂಕ್ಷನ್ ದಾಟಿದವರನ್ನೂ ಸೇರಿಸಿಕೊಳ್ಳಬೇಕೆಂಬುದು ನವ್ಯ ವ್ಯಾಖ್ಯಾನ. ಹಾಗೆ ಸೇರಿಸಿದರೆ ಬೆಂಗಳೂರಿನಲ್ಲಿ ಹಗಲು ಮಲಗಬಾರದವರು ಯಾರೂ ಉಳಿಯುವುದಿಲ್ಲ.

ರಾಜಾಶ್ರಯಕ್ಕೂ ಕೊರತೆಯಿಲ್ಲ. ಬೆಂಗಳೂರಿನ ವೇಕ್‌ಫಿಟ್ ಎಂಬ ಹಾಸಿಗೆ ಕಂಪನಿ 2022ರಲ್ಲಿ ಮಧ್ಯಾಹ್ನ 2ರಿಂದ 2.30ರವರೆಗೆ ನೌಕರರು ಮಲಗಬಹುದೆಂದು ಅಧಿಕೃತವಾಗಿ ಸಾರಿತು. 2025ರಲ್ಲಿ ವಿಧಾನಸಭೆಯ ಸಭಾಧ್ಯಕ್ಷ ಯು.ಟಿ. ಖಾದರ್ ಅವರು ಊಟವಾದ ಮೇಲೆ ಶಾಸಕರು ಒರಗಿಕೊಳ್ಳಲು ರಿಕ್ಲೈನರ್ ಕುರ್ಚಿಗಳ ಏರ್ಪಾಟಿಗೆ ಮುಂದಾದರು. ಊಟಕ್ಕೆಂದು ಎದ್ದುಹೋದವರು ಹಿಂದಿರುಗದೆ ಹಾಜರಾತಿ ಸೊರಗುತ್ತದೆಂಬುದು ಹಿನ್ನೆಲೆ. ಮಲಗಲು ಬಿಟ್ಟರೆ ಹಾಜರಾತಿ ಹೆಚ್ಚುತ್ತದೆಂಬ ಈ ತತ್ತ್ವ ಕಾಲೇಜುಗಳ ಕಡೆಯ ಬೆಂಚಿನವರಿಗೆ ಬಹುಕಾಲದಿಂದ ಗೊತ್ತಿತ್ತು. ಒಂದೇ ಎಚ್ಚರಿಕೆ: ಇಪ್ಪತ್ತು ನಿಮಿಷಕ್ಕೆ ಎದ್ದವನು ಮನುಷ್ಯನಾಗಿ ಏಳುತ್ತಾನೆ. ಮುಕ್ಕಾಲು ಗಂಟೆ ಮಲಗಿ ಗಾಢನಿದ್ದೆಯ ನಡುವೆ ಎಬ್ಬಿಸಲ್ಪಟ್ಟವನು ಮಸೂದೆಗೆ ಮತ ಹಾಕಬಾರದು.

ತೂಕಡಿಕೆಯ ಪ್ರತಿವಿಷಗಳಲ್ಲಿ ಶ್ರೇಷ್ಠವಾದದ್ದು ಫಿಲ್ಟರ್ ಕಾಫಿ. ಎಚ್ಚರವಿದ್ದಷ್ಟು ಹೊತ್ತೂ ಮಿದುಳಲ್ಲಿ ಅಡೆನೊಸಿನ್ ಎಂಬ ದ್ರವ್ಯ ಸೇರುತ್ತಾ ಹೋಗಿ ನಿದ್ದೆಯ ಒತ್ತಡವನ್ನು ಏರಿಸುತ್ತದೆ. ಕೆಫೀನ್ ಅದನ್ನು ಓಡಿಸುವುದಿಲ್ಲ; ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಅಡೆನೊಸಿನ್‌ನ ಸೀಟು ಹಿಡಿಯುತ್ತದೆ, ಅಷ್ಟೆ. ಅಡೆನೊಸಿನ್ ನಿಂತೇ ಪ್ರಯಾಣ ಮಾಡುತ್ತದೆ, ಪ್ರತಿ ಸ್ಟಾಪಿನಲ್ಲೂ ಅದರ ಕಡೆಯವರು ಹತ್ತುತ್ತಾರೆ, ಕೆಫೀನ್ ಇಳಿದದ್ದೇ ತಡ ಎಲ್ಲರೂ ಒಟ್ಟಿಗೆ ಕೂರುತ್ತಾರೆ. ಕುಡಿದ ಕೆಫೀನಿನ ಅರ್ಧ ಇಳಿಯಲು ಸುಮಾರು ಐದು ಗಂಟೆ ಬೇಕು. ಸಂಜೆ ಐದರ ಕಾಫಿ ರಾತ್ರಿ ಹತ್ತಕ್ಕೆ ಇನ್ನೂ ಅರ್ಧ ಲೋಟ ಉಳಿದಿರುತ್ತದೆ. ಅದರಿಂದ ನಿದ್ದೆ ತಡ, ತಡದಿಂದ ಬೆಳಗಿನ ಜಡ, ಜಡಕ್ಕೆ ಇನ್ನೊಂದು ಕಾಫಿ. ತರ್ಕಶಾಸ್ತ್ರದಲ್ಲಿ ಇದು ಚಕ್ರಕ ದೋಷ. ನಮ್ಮ ಮನೆಯಲ್ಲಿ ಇದು ದಿನಚರಿ.

ಭಾನುವಾರದ ವಿಚಾರವನ್ನು ಬೇಗ ಮುಗಿಸೋಣ. ವಾರವೆಲ್ಲ ಆರಕ್ಕೆ ಏಳುವವನು ಭಾನುವಾರ ಹತ್ತೂವರೆಯವರೆಗೆ ಮಲಗಿದರೆ, ದೇಹದ ಗಡಿಯಾರದ ಲೆಕ್ಕದಲ್ಲಿ ಅವನು ಬೇಸಿಗೆಯ ಲಂಡನ್ನಿಗೆ ವೀಸಾ ಇಲ್ಲದೆ ಹೋಗಿ ಸೋಮವಾರ ವಾಪಸಾದಂತೆ. ಜರ್ಮನಿಯ ಟಿಲ್ ರೋನೆಬರ್ಗ್ ಇದಕ್ಕೆ ‘ಸೋಷಿಯಲ್ ಜೆಟ್‌ಲ್ಯಾಗ್’ ಎಂದರು. ಪರಿಹಾರ: ಏಳೂ ದಿನ ಒಂದೇ ಹೊತ್ತಿಗೆ ಎದ್ದು ಬೆಳಗಿನ ಬಿಸಿಲಿಗೆ ಮುಖ ಒಡ್ಡುವುದು. ಈ ಪರಿಹಾರವನ್ನು ಎಲ್ಲರೂ ಒಪ್ಪುತ್ತಾರೆ, ಸೋಮವಾರದಿಂದ.

ತೂಕಡಿಕೆಯನ್ನು ಅಳೆಯುವ ಮಾನದಂಡವನ್ನು 1991ರಲ್ಲಿ ಮೆಲ್ಬರ್ನಿನ ವೈದ್ಯ ಮರ್ರೆ ಜಾನ್ಸ್ ಕೊಟ್ಟರು. ಅಲ್ಲಿನ ಆಸ್ಪತ್ರೆಯೊಂದರ ಹೆಸರಿನಿಂದ ಎಪ್‌ವರ್ತ್ ಅಳತೆ ಎಂದು ಪ್ರಸಿದ್ಧ. ಪ್ರಶ್ನೆ ಎಂಟು, ಪ್ರತಿಯೊಂದಕ್ಕೂ ಸೊನ್ನೆಯಿಂದ ಮೂರು ಅಂಕ, ಒಟ್ಟು 24, ಹತ್ತು ದಾಟಿದರೆ ವೈದ್ಯರನ್ನು ಕಾಣಬೇಕು. ಕೂತು ಓದುವಾಗ ತೂಕಡಿಕೆ ಬರುತ್ತದೆಯೇ? ಟಿವಿ ನೋಡುವಾಗ? ಸಭೆಯಲ್ಲಿ ಸುಮ್ಮನೆ ಕೂತಾಗ? ಊಟದ ನಂತರ? ಟ್ರಾಫಿಕ್ಕಿನಲ್ಲಿ ಕಾರು ಕೆಲವು ನಿಮಿಷ ನಿಂತಾಗ? ‘ಕೆಲವು ನಿಮಿಷ’ ಎಂಬುದನ್ನು ಓದಿದಾಗ ಡಾಕ್ಟರರು ಬೆಂಗಳೂರು ಕಂಡವರಲ್ಲ ಎಂದು ತಿಳಿಯುತ್ತದೆ. ಮನೆಯಲ್ಲಿ ಪರೀಕ್ಷೆ ನಡೆಸಲಾಗಿ ಮಗನೂ ಪ್ರಬಂಧಕಾರನೂ ಹತ್ತನ್ನು ಲೀಲಾಜಾಲವಾಗಿ ದಾಟಿದರು.

ಇಲ್ಲಿ ತಾರ್ಕಿಕರ ಆಕ್ಷೇಪವೊಂದಿದೆ. ಮಲಗಿದವನು ಎಬ್ಬಿಸುವವರಿಂದ ಏಳುತ್ತಾನೆ. ಎಬ್ಬಿಸುವವರನ್ನು ಎಬ್ಬಿಸಿದವರು ಯಾರು? ಅವರನ್ನು? ಹೀಗೆ ಹೋದರೆ ಅನವಸ್ಥಾ ದೋಷ. ಇಂಥ ಇಕ್ಕಟ್ಟಿನಲ್ಲಿ ನೈಯಾಯಿಕರು ಈಶ್ವರನನ್ನು ಒಪ್ಪಿಕೊಂಡು ಪಾರಾಗುತ್ತಾರೆ. ನಮಗೆ ಆ ದಾರಿಯೂ ಇಲ್ಲ. ತಿರುಮಲೆಯ ದೇವರಿಗೇ ಸುಪ್ರಭಾತ ಹಾಡಬೇಕು, ಆಷಾಢದ ಏಕಾದಶಿಗೆ ಮಲಗಿದ ವಿಷ್ಣು ಕಾರ್ತಿಕದಲ್ಲೇ ಏಳುವುದು, ಶ್ರೀರಂಗಪಟ್ಟಣದ ರಂಗನಾಥನನ್ನಂತೂ ಕೂತದ್ದನ್ನೇ ನಾವು ಕಂಡಿಲ್ಲ. ಆದ್ದರಿಂದ ಯಾರೂ ಎಬ್ಬಿಸದೆ ತಾನೇ ಏಳುವ ‘ಸ್ವಯಂಪ್ರಬುದ್ಧ’ ತತ್ತ್ವವೊಂದನ್ನು ಒಪ್ಪಲೇಬೇಕು. ಅದನ್ನು ಹುಡುಕಲು ಅಡುಗೆಮನೆಯವರೆಗೆ ಹೋದರೆ ಸಾಕು.

ಹೋಗಿ, ಎಂಟೂ ಪ್ರಶ್ನೆ ಕೇಳಲಾಯಿತು. ‘ಕೂತ್ರೆ ತಾನೇರೀ ತೂಕಡಿಸೋದು’ ಎಂಬ ಒಂದೇ ಉತ್ತರ ಎಂಟಕ್ಕೂ ಬಂತು. ಒಟ್ಟು ಅಂಕ ಸೊನ್ನೆ. ಶಾಸ್ತ್ರರೀತ್ಯಾ ಮನೆಯಲ್ಲಿ ಅತ್ಯಂತ ಎಚ್ಚರವಿರುವ ವ್ಯಕ್ತಿ ಈಕೆಯೇ ಎಂದು ಸಿದ್ಧವಾಯಿತು. ಆದರೆ ಅಳತೆಪಟ್ಟಿಯನ್ನು ಮತ್ತೆ ನೋಡಿದರೆ ಎಂಟೂ ಪ್ರಶ್ನೆಗಳು ಕೂತವರನ್ನೋ ಮಲಗಿದವರನ್ನೋ ಕುರಿತವೇ. ನಿಂತವರ ಪ್ರಸ್ತಾಪವೇ ಇಲ್ಲ. ನಿಂತವರು ದಣಿಯುವುದಿಲ್ಲವೆಂದಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 57 ಮಂದಿಗೆ ರಕ್ತಹೀನತೆ ಕಂಡುಬಂದಿತ್ತು. ಮೆಟ್ಟಿಲು ಹತ್ತಿದರೆ ಏದುಸಿರು, ಸದಾ ಸುಸ್ತು ಅದರ ಲಕ್ಷಣಗಳು. ಥೈರಾಯ್ಡ್ ಕುಗ್ಗಿದರೂ, ಬಿ12 ಕಡಿಮೆಯಾದರೂ ಹೀಗೇ. ಒಂದು ರಕ್ತಪರೀಕ್ಷೆಯಲ್ಲಿ ತಿಳಿಯುವುದನ್ನು ‘ನಿನಗೆ ಚೈತನ್ಯವೇ ಇಲ್ಲ’ ಎಂಬ ವಾಕ್ಯದಿಂದ ತಿಳಿಯಲು ಯತ್ನಿಸುವ ಪರಂಪರೆ ನಮ್ಮಲ್ಲಿ ದೀರ್ಘವಾದದ್ದು.

ಆದಕಾರಣ ಅಳತೆಗೆ ಒಂಬತ್ತನೆಯ ಪ್ರಶ್ನೆಯೊಂದನ್ನು ಸೇರಿಸಬೇಕೆಂದು ಈ ಪ್ರಬಂಧ ಸೂಚಿಸುತ್ತದೆ: ‘ಬೆಳಗಿನ ಐದೂವರೆಗೆ ಒಲೆಯ ಮುಂದೆ ನಿಂತು ಹಾಲು ಕಾಯಿಸುವಾಗ ನಿಮಗೆ ಎಷ್ಟರಮಟ್ಟಿಗೆ ತೂಕಡಿಕೆ ಬರುತ್ತದೆ?’ ಪ್ರಯೋಗಾರ್ಥವಾಗಿ ಇದನ್ನು ಸ್ಥಳದಲ್ಲೇ, ಸಕಾಲದಲ್ಲೇ, ನೋಟ್‌ಬುಕ್ ಹಿಡಿದು ಕೇಳಲಾಯಿತು. ಬಂದ ಉತ್ತರವನ್ನು ಯಾವ ಅಂಕಕ್ಕೆ ಇಳಿಸಬೇಕೆಂಬುದನ್ನು ವಿದ್ವಾಂಸರೇ ನಿರ್ಣಯಿಸಬೇಕು:

‘ರೀ, ಹಾಲು ಉಕ್ತಾ ಇದೆ. ಅಲ್ಲೇ ನಿಂತಿದೀರಲ್ಲ, ಸ್ಟೌ ಆರಿಸಿ.’