ಈಡಿನ ಗೌಡರು

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು: ಈ ನಾಲ್ಕು ತಾಲ್ಲೂಕಿನಲ್ಲಿ ಯಾವ ದಿಕ್ಕಿಗೆ ಹೋದರೂ ಒಬ್ಬ ಈಡಿನ ಗೌಡರು ಸಿಕ್ಕೇ ಸಿಗುತ್ತಾರೆ. ಅಪ್ಪನ ಕಾಲದ ಜೋಡುನಳಿಗೆ ಕೋವಿ, ಬೆಳೆ ಕಾಯಲೆಂದು ಪಡೆದ ಲೈಸೆನ್ಸು, ದಪ್ಪ ಮೀಸೆ, ಇಷ್ಟು ಆಸ್ತಿ. ಕಡೆಯ ಈಡು ಹೊಡೆದದ್ದು ಯಾವಾಗ ಎಂದು ಮಾತ್ರ ಕೇಳಬಾರದು. ಕೇಳಿದರೆ 1972ರ ವನ್ಯಜೀವಿ ಕಾಯ್ದೆ ತಮ್ಮ ಕೈ ಕಟ್ಟಿಹಾಕಿತೆಂದು ಹಲ್ಲು ಕಡಿಯುತ್ತಾರೆ. ಕಾಯ್ದೆ ಬಂದಾಗ ಅವರಿನ್ನೂ ಮೂರನೇ ಕ್ಲಾಸು.

ಕೋವಿ ಹನ್ನೆರಡು ಬೋರಿನ ಚರೆ ಕೋವಿ. ಮಾತೆಲ್ಲ ಡಬಲ್ ರೈಫಲ್ಲಿನದು. ಅದನ್ನು ಮುಟ್ಟಿಲ್ಲ, ಕಂಡಿಲ್ಲ. ಕಾರ್ಬೆಟ್ಟನನ್ನೂ ತೇಜಸ್ವಿ ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ನನನ್ನೂ ಓದಿದ್ದಾರೆ, ಅಷ್ಟೆ. "ಹೊಸದುರ್ಗ, ಹೊಳಲ್ಕೆರೆ ನರಭಕ್ಷಕ ಅಂದ್ರೆ ನಮ್ಮ ಚನ್ನಗಿರಿ ಬಾಜೂದ್ದು ಕಣ್ರೀ. ಆದ್ರೆ ಆಂಡರ್ಸನ್ ಹಿಡಿದಿದ್ದು .405 ವಿಂಚೆಸ್ಟರ್, ಒಂಟಿ ನಳಿಗೆ. ಕಾರ್ಬೆಟ್ ಸಾಹೇಬ್ರದ್ದು ನೋಡ್ರಿ, .450/400, ಜೋಡಿ!" ಕಾರ್ಬೆಟ್ಟರ ಬಳಿ .275 ರಿಗ್ಬಿ ಒಂಟಿ ನಳಿಗೆಯೂ ಇತ್ತಲ್ಲ ಎಂದರೆ ಗೌಡರಿಗೆ ಅಷ್ಟರಮಟ್ಟಿಗೆ ಕಿವಿ ಮಂದ.

ಹೋಟೆಲಿನಲ್ಲಿ ಕಾಫಿ ಬಂತೆಂದರೆ ಪಾಠ ಶುರು. ಸ್ಟೀಲ್ ಲೋಟವನ್ನು ಅಂಚು ಹಿಡಿದು ಎತ್ತುತ್ತಾರೆ. "ತೋಟೆಗೂ ಬುಡದಾಗ ಹಿಂಗೇ ಅಂಚು ಇರ್ಬೇಕು. ಕೋವಿ ಮುರಿದಾಗ ಖಾಲಿ ತೋಟೆನ ಹಿಂದಕ್ಕೆ ಎಳೆಯೋ ಕೊಂಡಿಗೆ ಹಿಡಿತ ಸಿಗಬೇಕಲ್ಲ? ಅಂಚಿಲ್ಲದ ತೋಟೆ ಮ್ಯಾಗಜಿನ್ ರೈಫಲ್ಲಿಗೆ ಸರಿ." ಅಷ್ಟರಲ್ಲಿ ಕಾಫಿ ಆರಿರುತ್ತದೆ. ಮುಂದಿನದು ಉದ್ದದ ವಿಚಾರ: .450/400ರಲ್ಲಿ ಮೂರೂಕಾಲು ಇಂಚಿನ ಹಳೆಯ ತೋಟೆಯೂ ಉಂಟು, ಜೆಫ್ರಿ ಕಂಪನಿಯ ಮೂರು ಇಂಚಿನದೂ ಉಂಟು, ಒಂದರ ಕೋವಿಗೆ ಇನ್ನೊಂದು ತೋಟೆ ಸಲ್ಲದು. ಆ ಕಾಲು ಇಂಚಿಗಾಗಿ ಅವರು ಪಡುವ ಸಂಕಟವನ್ನು ಸ್ವಂತ ಜಮೀನಿನ ಬದು ಒತ್ತುವರಿಯಾದಾಗಲೂ ಪಟ್ಟಿರಲಿಕ್ಕಿಲ್ಲ. ಮಾರ್ಟಿನಿ ಹೆನ್ರಿ ರೈಫಲ್ಲಿನ ತೋಟೆ ಬಂಡಾಯಗಾರರ ಕೈ ಸೇರೀತೆಂದು ಬ್ರಿಟಿಷರು 1907ರಲ್ಲಿ .450 ಅಳತೆಯನ್ನೇ ಇಲ್ಲಿ ನಿಷೇಧಿಸಿದರು, ಆಗ ಇಂಗ್ಲೆಂಡಿನ ಕೋವಿ ಕಂಪನಿಗಳು ಒಂದಿಷ್ಟು ಅಗಲಿಸಿ .465, .470 ಎಂದು ಮಾರಿದವು ಎನ್ನುವಾಗ, ತಪ್ಪಿಸಿಕೊಳ್ಳುವ ಆ ಉಪಾಯ ನ್ಯಾಮತಿಯಲ್ಲೇ ಹುಟ್ಟಿತೇನೋ ಎಂಬಷ್ಟು ಹೆಮ್ಮೆ. ಮನೆಯಲ್ಲಿರುವ ಅವರ ಕಾಗದದ ತೋಟೆಗಳು ಮಾತ್ರ ಮಳೆಗಾಲದ ತೇವಕ್ಕೆ ಉಬ್ಬಿ, ಯಾವ ನಳಿಗೆಗೂ ಇಳಿಯದೆ ಕೂತಿವೆ.

ಗುರಿ ನೋಡುವ ಪಟ್ಟಿಗಳನ್ನಂತೂ ತಾಲ್ಲೂಕುವಾರು ಹಂಚಿಬಿಟ್ಟಿದ್ದಾರೆ. ಡಬಲ್ ರೈಫಲ್ಲಿನ ನಳಿಗೆಯ ಮೇಲೆ ಒಂದು ನಿಂತ ಪಟ್ಟಿ, ದೂರ ಹೆಚ್ಚಿದಂತೆ ಎತ್ತಿಕೊಳ್ಳುವ ಮಡಚು ಪಟ್ಟಿಗಳು. ನಿಂತದ್ದು ಚನ್ನಗಿರಿಗೆ, ಅಡಿಕೆ ಮರಗಳ ಸಾಲಿನಲ್ಲಿ ದೂರ ಕಾಣುವುದೇ ಇಲ್ಲ. ನೂರು ಗಜದ್ದು ಹೊನ್ನಾಳಿ ಭತ್ತದ ಗದ್ದೆಗೆ. ಇನ್ನೂರರದು ನ್ಯಾಮತಿ ಮೆಕ್ಕೆಜೋಳಕ್ಕೆ. ಮುನ್ನೂರರದು ಜಗಳೂರಿನ ಬಯಲಿಗೆ. "ಆದ್ರೆ ಅಲ್ಲಿ ರಂಗಯ್ಯನದುರ್ಗದ ಕೊಂಡುಕುರಿ ಅಭಯಾರಣ್ಯ ಐತಿ, ಪಟ್ಟಿ ಎತ್ತಿದ್ರೂ ಜೈಲೇ" ಎಂದು ತಾವೇ ಮಡಚುತ್ತಾರೆ. ಮುಂತುದಿಯಲ್ಲಿ ಹಗಲಿಗೆ ಸಣ್ಣ ಮಣಿ, ಬೆಳದಿಂಗಳಿಗೆ ಎತ್ತಿ ನಿಲ್ಲಿಸುವ ದಪ್ಪ ಬಿಳಿ ಮಣಿ. ಇವರ ಕೋವಿಗಿದ್ದದ್ದು ಒಂದೇ ಹಿತ್ತಾಳೆ ಮಣಿ. ಅದೂ ಎಲ್ಲೋ ಬಿದ್ದುಹೋಗಿದೆ.

ಬಿದ್ದದ್ದು ಠಾಣೆಗೆ ಹೋಗಿಬರುವ ದಾರಿಯಲ್ಲೇ ಎಂದು ಗೌಡರ ಗುಮಾನಿ. ಚುನಾವಣೆ ಬಂತೆಂದರೆ ಕೋವಿ ಒಪ್ಪಿಸಿ ರಸೀದಿ ತರಬೇಕಲ್ಲ: ಅಸೆಂಬ್ಲಿ, ಪಾರ್ಲಿಮೆಂಟು, ಪಂಚಾಯ್ತಿ. ಹಂದಿಗಳಿಗೆ ನೀತಿಸಂಹಿತೆ ಅನ್ವಯಿಸುವುದಿಲ್ಲ. ಹೋದ ಸಲ ಕೋವಿ ಠಾಣೆಯಲ್ಲಿದ್ದ ರಾತ್ರಿಯೇ ಹಿಂಡು ಜೋಳಕ್ಕೆ ನುಗ್ಗಿತು. ಗೌಡತಿ ಎದ್ದು ಎಣ್ಣೆ ಡಬ್ಬ ಬಡಿದು, ಒಂದು ಸರ ಪಟಾಕಿ ಹಚ್ಚಿ ಎಸೆದು, ಹಂದಿ ಓಡಿಸಿ ಬಂದು ಮಲಗಿದರು. ಗೌಡರು ಹೊದಿಕೆಯೊಳಗಿಂದ ಕೇಳಿದರಂತೆ:

"ಎಷ್ಟು ಗಜ ಇತ್ತೇ?"

"ಬೇಲಿ ಹತ್ರ ಇದ್ವು ರೀ, ಮಲಗ್ರಿ."

"ಹಂಗಾದ್ರೆ ನಿಂತ ಪಟ್ಟಿನೇ ಸಾಕಿತ್ತು."