ಎಂಟು ಗಂಟೆಯ ನಂತರ ಬಂದ ಲಕೋಟೆ: ಒಂದು ಕಾಲ್ಪನಿಕ ಸಂದರ್ಶನ

ಮತಗಟ್ಟೆಯ ಹೊಸ್ತಿಲನ್ನೇ ತುಳಿಯದೆ ಮತವನ್ನು ಹೊತ್ತು ತರುವ ಅಂಚೆ ಲಕೋಟೆಗೆ, ಭಾರತದ ಚುನಾವಣೆಗಳನ್ನು ಕುರಿತ ಬರಹಗಳಲ್ಲಿ ಮತಯಂತ್ರಕ್ಕೆ ಸಿಕ್ಕ ಮರ್ಯಾದೆಯಾಗಲಿ, ಮೈಸೂರಿನ ಕಾರ್ಖಾನೆಯಿಂದ ಹೊರಟು 1962ರ ಮಹಾಚುನಾವಣೆಯಿಂದ ಮತದಾರರ ಬೆರಳೇರುತ್ತಿರುವ ಅಳಿಸಲಾಗದ ಶಾಯಿಗೆ ಸಿಕ್ಕ ಪ್ರಸಿದ್ಧಿಯಾಗಲಿ ಸಿಕ್ಕಿಲ್ಲ. ಆ ಕೊರತೆಯನ್ನು ಕಿಂಚಿತ್ತಾದರೂ ನೀಗಿಸುವ ಸಲುವಾಗಿ ಜಿಲ್ಲಾ ಚುನಾವಣಾ ಶಾಖೆಯೊಂದರ ದಾಸ್ತಾನು ಕೊಠಡಿಯಲ್ಲಿ ನಡೆದ ಸಂವಾದವೊಂದನ್ನು ಇಲ್ಲಿ ದಾಖಲಿಸಲಾಗಿದೆ.

ಸಂದರ್ಶನಕ್ಕೆ ಒಪ್ಪಿದ್ದು 1961ರ ಚುನಾವಣೆಗಳ ನಿರ್ವಹಣಾ ನಿಯಮಗಳಲ್ಲಿ ನಮೂನೆ 13-ಸಿ ಎಂದು ಕರೆಯಲಾಗುವ ಹೊರಲಕೋಟೆ. ಅದರ ಒಡಲಲ್ಲಿ ಎರಡು ವಸ್ತುಗಳಿರುತ್ತವೆ: ಮತದಾರನು ತಾನು ಇಂಥವನೇ ಎಂದು ಅಧಿಕಾರಿಯೊಬ್ಬರ ಮುಂದೆ ಸಹಿ ಹಾಕಿ ದೃಢೀಕರಿಸಿಕೊಂಡ ಘೋಷಣೆ, ಅಂದರೆ ನಮೂನೆ 13-ಎ, ಮತ್ತು ಗುರುತು ಹಾಕಿದ ಮತಪತ್ರವನ್ನು ಒಳಗಿಟ್ಟು ಅಂಟಿಸಿದ ಚಿಕ್ಕ ಲಕೋಟೆ, ಅಂದರೆ ನಮೂನೆ 13-ಬಿ. ಮತ ಹಾಕಿದವರು ಯಾರೆಂಬುದು ಚುನಾವಣಾಧಿಕಾರಿಗೆ ತಿಳಿಯಬೇಕು, ಯಾರಿಗೆ ಹಾಕಿದರೆಂಬುದು ಯಾರಿಗೂ ತಿಳಿಯಬಾರದು ಎಂಬ ಇಬ್ಬಂದಿಯ ಬೇಡಿಕೆಯನ್ನು ಪೂರೈಸಲೆಂದೇ ಈ ಲಕೋಟೆಯೊಳಗಿನ ಲಕೋಟೆಯ ಏರ್ಪಾಡು. ಪ್ರಸ್ತುತ ಲಕೋಟೆಯು ಗಡಿಯಲ್ಲಿ ಕರ್ತವ್ಯದಲ್ಲಿದ್ದ ಸೇವಾ ಮತದಾರರೊಬ್ಬರಿಂದ, ಎಂದರೆ ಸಶಸ್ತ್ರ ಪಡೆಯ ಸಿಬ್ಬಂದಿಯಿಂದ, ಬಂದದ್ದು. ಎಣಿಕೆಯ ದಿನ ಬೆಳಿಗ್ಗೆ ಎಂಟು ಗಂಟೆಯೊಳಗೆ, ಅಂದರೆ ಎಣಿಕೆ ಆರಂಭವಾಗುವ ಮೊದಲು, ಕೈಸೇರದ ಅಂಚೆ ಮತವನ್ನು ತೆರೆಯುವಂತಿಲ್ಲವೆಂಬ ನಿಯಮದ ಪ್ರಕಾರ ಅದು ಇನ್ನೂ ಬಾಯಿ ಬಿಡದೆ ಕಟ್ಟೊಂದರಲ್ಲಿ ಕುಳಿತಿದೆ. ಸರ್ಕಾರಿ ದಾಖಲೆಯೆಂಬ ಕಾರಣಕ್ಕೆ ಉತ್ತಮ ಪುರುಷದಲ್ಲಿ ಮಾತನಾಡಲು ಅದು ಒಪ್ಪಲಿಲ್ಲವಾದ್ದರಿಂದ ಉತ್ತರಗಳ ಉದ್ದಕ್ಕೂ ತನ್ನನ್ನು ‘ಸದರಿ ಲಕೋಟೆ’ ಎಂದೇ ಕರೆದುಕೊಂಡಿದೆ.

ಪ್ರಶ್ನೆ: ಇಂಟರ್ನೆಟ್ಟಿನ ಕಾಲದಲ್ಲೂ ಮತವೊಂದು ತಡವಾಗಿ ತಲುಪುವುದೆಂದರೆ ಹೇಗೆ?

ಲಕೋಟೆ: ಸದರಿ ಲಕೋಟೆಯ ಪೂರ್ವಜರು ಹೋಗುವಾಗಲೂ ಬರುವಾಗಲೂ ಅಂಚೆ ಚೀಲದಲ್ಲೇ ಪ್ರಯಾಣಿಸುತ್ತಿದ್ದರು. ನಾಮಪತ್ರ ಹಿಂತೆಗೆದುಕೊಳ್ಳುವ ಗಡುವು ಮುಗಿಯುವವರೆಗೆ ಕಣದಲ್ಲಿ ಯಾರು ಉಳಿದರೆಂಬುದೇ ತಿಳಿಯದ ಕಾರಣ ಮತಪತ್ರ ಅಚ್ಚಾಗುವಂತಿರಲಿಲ್ಲ. ಆಮೇಲೆ ಅಚ್ಚಾಗಿ ಹಿಮದ ಬೆಟ್ಟವೇರಿ ಇಳಿದು ಬರುವಷ್ಟರಲ್ಲಿ ಗೆದ್ದವರು ಪ್ರಮಾಣವಚನ ಸ್ವೀಕರಿಸಿ ಖಾತೆಗಾಗಿ ಮುನಿಸಿಕೊಂಡಿರುತ್ತಿದ್ದರು. ಈ ದುಃಸ್ಥಿತಿಯನ್ನು ಸರಿಪಡಿಸಲು 2016ರಲ್ಲಿ ನಿಯಮ ತಿದ್ದಿ, ಸೇವಾ ಮತದಾರರಿಗೆ ಮತಪತ್ರವನ್ನು ವಿದ್ಯುನ್ಮಾನ ಮಾರ್ಗದಲ್ಲಿ ಕಳುಹಿಸುವ ವ್ಯವಸ್ಥೆ ತರಲಾಯಿತು. ಅದರ ಪ್ರಕಾರ ಯೋಧನು ಗುಪ್ತಸಂಖ್ಯೆ ಒತ್ತಿ ಮತಪತ್ರವನ್ನು ಇಳಿಸಿಕೊಂಡು, ಪ್ರಿಂಟ್ ತೆಗೆದು, ಗುರುತು ಹಾಕಿ, ಲಕೋಟೆಗೆ ಸೇರಿಸಿ ಮತ್ತೆ ಅಂಚೆಗೆ ಹಾಕಬೇಕು. ಹೋಗುವ ದಾರಿಗೆ ಇಪ್ಪತ್ತೊಂದನೆಯ ಶತಮಾನವನ್ನೂ ಬರುವ ದಾರಿಗೆ ಹತ್ತೊಂಬತ್ತನೆಯ ಶತಮಾನವನ್ನೂ ನಿಗದಿಪಡಿಸಿರುವುದರಿಂದ ಸರಾಸರಿಯಲ್ಲಿ ಇಪ್ಪತ್ತನೆಯ ಶತಮಾನದ ಸೇವೆ ದೊರೆಯುತ್ತಿದೆ. ಅದರ ಬಗ್ಗೆ ಸದರಿ ಲಕೋಟೆಗೆ ತಕರಾರಿಲ್ಲ.

ಪ್ರಶ್ನೆ: ಹಾಗಾದರೆ ಮತಗಟ್ಟೆಗೆ ಬಾರದೆ ಮತ ಹಾಕುವ ಯೋಗ ಯಾರಿಗೆಲ್ಲ ಇದೆ?

ಲಕೋಟೆ: ಸರ್ಕಾರವು ತಾನೇ ಮನೆಯಿಂದ ಎಬ್ಬಿಸಿ ಕಳುಹಿಸಿದವರಿಗೆ ಇದೆ. ಯೋಧರಿದ್ದಾರೆ, ಚುನಾವಣಾ ಕರ್ತವ್ಯದ ಸಿಬ್ಬಂದಿಯಿದ್ದಾರೆ, ಅಗತ್ಯ ಸೇವೆಯವರೆಂದು ಅಧಿಸೂಚನೆಯಲ್ಲಿ ಹೆಸರಾದವರಿದ್ದಾರೆ. ಕಾನೂನಿನ ಔದಾರ್ಯ ಎಲ್ಲಿಯವರೆಗೆ ಹೋಗಿದೆಯೆಂದರೆ, ಅಪರಾಧ ನಡೆಯುವ ಮೊದಲೇ ನಡೆಯಬಹುದೆಂಬ ಅನುಮಾನದ ಮೇಲೆ ಹಿಡಿದಿಡುವ ಮುಂಜಾಗ್ರತಾ ಬಂಧನದಲ್ಲಿರುವವರಿಗೂ ಸೆರೆಮನೆಯ ಬಾಗಿಲಿಗೆ ಸದರಿ ಲಕೋಟೆಯ ಬಂಧುಗಳು ಹೋಗುತ್ತಾರೆ. ಆದರೆ ಪಕ್ಕದ ಕೋಣೆಯಲ್ಲಿ ವಿಚಾರಣೆಗೆ ಕಾಯುತ್ತ ಕುಳಿತಿರುವ, ಇನ್ನೂ ಅಪರಾಧಿಯೆಂದು ತೀರ್ಮಾನವಾಗದ ಕೈದಿಗೆ 1951ರ ಜನತಾ ಪ್ರಾತಿನಿಧ್ಯ ಕಾಯ್ದೆಯ 62ನೆಯ ವಿಧಿಯ ಐದನೆಯ ಉಪವಿಧಿ ಮತದ ಹಕ್ಕನ್ನು ಕೊಡುವುದಿಲ್ಲ; 1997ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಆ ಕೈದಿ ಬಯಸಿದರೆ ಅದೇ ಕೋಣೆಯಿಂದ ಚುನಾವಣೆಗೆ ನಿಲ್ಲಬಹುದು, ಗೆಲ್ಲಲೂಬಹುದು. ತನಗೆ ತಾನೇ ಮತ ಹಾಕಿಕೊಳ್ಳಲು ಮಾತ್ರ ಆಗದು. ಇದನ್ನು ಸದರಿ ಲಕೋಟೆಯು ಟೀಕೆಯಾಗಿ ಹೇಳುತ್ತಿಲ್ಲ, ವಿಳಾಸದ ಮಾಹಿತಿಯಾಗಿ ಹೇಳುತ್ತಿದೆ.

ಚುನಾವಣಾ ಸಿಬ್ಬಂದಿಯ ವಿಷಯವನ್ನು ಇಲ್ಲಿ ತುಸು ವಿವರಿಸಬೇಕು. ಶಾಲೆಯ ಶಿಕ್ಷಕರನ್ನೂ ಬ್ಯಾಂಕಿನ ಗುಮಾಸ್ತರನ್ನೂ ಮಸ್ಟರಿಂಗ್ ಕೇಂದ್ರಕ್ಕೆ ಕರೆಸಿ, ಯಂತ್ರ, ಶಾಯಿ, ಅರಗು, ದಾರ, ನೂರೆಂಟು ನಮೂನೆಗಳನ್ನು ಕೈಗಿತ್ತು, ತಮ್ಮದಲ್ಲದ ಊರಿಗೆ ಬಸ್ಸು ಹತ್ತಿಸಿದಾಗ, ಸಾವಿರ ಮಂದಿಯ ಮತದಾನವನ್ನು ಸುಗಮಗೊಳಿಸುವ ಅದೇ ವ್ಯಕ್ತಿಯ ಸ್ವಂತ ಮತ ಬೀದಿಪಾಲಾಗುವ ಅಪಾಯವಿರುತ್ತದೆ. ಕರ್ತವ್ಯವು ಸ್ವಂತ ಕ್ಷೇತ್ರದೊಳಗೇ ಬಿದ್ದರೆ ಚುನಾವಣಾ ಕರ್ತವ್ಯ ಪ್ರಮಾಣಪತ್ರವೆಂಬ ಚೀಟಿ ತೋರಿಸಿ ತಾವು ಕೆಲಸ ಮಾಡುವ ಮತಗಟ್ಟೆಯಲ್ಲೇ ಮತ ಹಾಕಬಹುದು. ಹೊರಗೆ ಬಿದ್ದರೆ ಅಂಚೆ ಮತವೇ ಗತಿ. ಮತಪತ್ರವನ್ನು ಮನೆಗೆ ಒಯ್ದು ಎಣಿಕೆಯ ಹಿಂದಿನ ದಿನದವರೆಗೆ ಇಟ್ಟುಕೊಂಡವರ ಮೇಲೆ ಒತ್ತಡ ಬೀಳುವ ಸಾಧ್ಯತೆಯಿದ್ದುದರಿಂದ 2023ರಲ್ಲಿ ನಿಯಮ ಬದಲಾಗಿ, ಈಗ ಅವರು ಸೌಲಭ್ಯ ಕೇಂದ್ರವೆಂಬ ನಿಗದಿತ ಸ್ಥಳದಲ್ಲೇ ಮತಪತ್ರ ಪಡೆದು ಅಲ್ಲೇ ಹಾಕಿ ಬರಬೇಕು. ಹೀಗೆ ಅಂಚೆ ಮತವು ಅಂಚೆಯಣ್ಣನಿಗೇ ಗೊತ್ತಿಲ್ಲದೆ ಚಲಾವಣೆಯಾಗುವ ಹಂತವನ್ನು ತಲುಪಿದೆ.

ಪ್ರಶ್ನೆ: ವೃದ್ಧರ ಮನೆಗೇ ಮತಗಟ್ಟೆ ಹೋಗುತ್ತಿದೆಯಲ್ಲ, ಅದರಿಂದ ಅಸೂಯೆಯಾಗುವುದಿಲ್ಲವೇ?

ಲಕೋಟೆ: ಅದೂ ಅಂಚೆ ಮತವೇ, ಅಂಚೆಯ ಬದಲು ಪಟಾಲಂ ಬರುತ್ತದೆ ಅಷ್ಟೆ. ನಮೂನೆ 12-ಡಿಯಲ್ಲಿ ಮೊದಲೇ ಅರ್ಜಿ ಕೊಟ್ಟ ಹಿರಿಯ ನಾಗರಿಕರ ಮತ್ತು ಅಂಗವಿಕಲರ ಮನೆಗೆ ಅಧಿಕಾರಿಗಳು, ಪೊಲೀಸರು, ವಿಡಿಯೋ ಚಿತ್ರಗ್ರಾಹಕರು ದಿಬ್ಬಣದಂತೆ ಬಂದು, ಮಡಚುವ ಮರೆಯೊಂದನ್ನು ನಿಲ್ಲಿಸಿ, ಈಗ ಗೋಪ್ಯವಾಗಿ ಮತ ಹಾಕಿ ಎನ್ನುತ್ತಾರೆ. ಕರ್ನಾಟಕದಲ್ಲಿ 2023ರ ವಿಧಾನಸಭಾ ಚುನಾವಣೆಯಲ್ಲಿ ಎಂಬತ್ತು ದಾಟಿದವರಿಗೆ ಈ ಸೌಲಭ್ಯವಿತ್ತು. 2024ರ ಮಾರ್ಚಿನಲ್ಲಿ ವಯೋಮಿತಿಯನ್ನು ಎಂಬತ್ತೈದಕ್ಕೆ ಏರಿಸಿದ್ದರಿಂದ, ಹಿಂದಿನ ವರ್ಷ ಮಂಚದ ಮೇಲೆ ಕುಳಿತು ಮತ ಹಾಕಿದ ಎಂಬತ್ತೆರಡರ ಅಜ್ಜಿಯೊಬ್ಬರು ಲೋಕಸಭೆಯ ಹೊತ್ತಿಗೆ ಯೌವನ ಮರಳಿ ಪಡೆದು ಮತಗಟ್ಟೆಗೆ ನಡೆಯಬೇಕಾಯಿತು. ಇಷ್ಟು ಅಗ್ಗವಾಗಿ ವಯಸ್ಸಿಳಿಸುವ ವಿದ್ಯೆ ಆಯುರ್ವೇದದಲ್ಲೂ ಇದ್ದಂತಿಲ್ಲ.

ಪ್ರಶ್ನೆ: ಬೆಂಗಳೂರಿನ ಮತದಾರರ ಬಗ್ಗೆ ಅಭಿಪ್ರಾಯವೇನು?

ಈ ಪ್ರಶ್ನೆಗೆ ಲಕೋಟೆಯು ಕೆಲಕಾಲ ಮಡಚಿಕೊಂಡು ಮೌನವಾಗಿತ್ತು. ನಂತರ ನೀತಿ ಸಂಹಿತೆ ಜಾರಿಯಲ್ಲಿಲ್ಲವೆಂದು ಖಚಿತಪಡಿಸಿಕೊಂಡು ಉತ್ತರಿಸಿತು.

ಲಕೋಟೆ: ಯೋಧನೊಬ್ಬ ಹಿಮದಲ್ಲಿ ಪ್ರಿಂಟರ್ ಹುಡುಕುತ್ತಿರುವಾಗ, ಮತಗಟ್ಟೆಯು ಬೀದಿಯ ತುದಿಯಲ್ಲೇ ಇರುವ ನಗರವಾಸಿಗೆ ಯಾವ ವಾರ ಅನುಕೂಲವೆಂದು ಚುನಾವಣಾ ಆಯೋಗವು ಪಂಚಾಂಗ ತಿರುವಿಹಾಕುತ್ತಿರುತ್ತದೆ. 2018ರಲ್ಲಿ ಮತದಾನ ಶನಿವಾರ ಬಂದಿತು. ವಾರಾಂತ್ಯವೆಂದು ಜನ ಊರು ಬಿಟ್ಟರೆಂಬ ಗೊಣಗಾಟ ಕೇಳಿಬಂದಿತು. 2019ರ ಏಪ್ರಿಲ್ 18ರ ಗುರುವಾರಕ್ಕೆ ಶುಭ ಶುಕ್ರವಾರ ಅಂಟಿಕೊಂಡಿತ್ತು. 2023ರಲ್ಲಿ ರಜೆಯನ್ನು ಹಿಂದಕ್ಕೂ ಮುಂದಕ್ಕೂ ಎಳೆಯಲಾಗದಿರಲೆಂದು ಮೇ 10ರ ಬುಧವಾರವನ್ನು ಆರಿಸಿ, ಆ ಕಾರಣವನ್ನು ಮುಖ್ಯ ಚುನಾವಣಾ ಆಯುಕ್ತರು ಬಹಿರಂಗವಾಗಿಯೇ ಹೇಳಿದರು. ರಾಜ್ಯದ ಮತದಾನ ಶೇ 73 ದಾಟಿತು, ಬೆಂಗಳೂರು ಐವತ್ತರ ಆಸುಪಾಸಿನ ತನ್ನ ಸಂಪ್ರದಾಯವನ್ನು ಬಿಟ್ಟುಕೊಡಲಿಲ್ಲ. 2024ರ ಏಪ್ರಿಲ್ 26 ಶುಕ್ರವಾರ. ಅಂದು ಮಂಡ್ಯ ಶೇ 80 ದಾಟಿತು, ನಗರದ ಮೂರು ಲೋಕಸಭಾ ಕ್ಷೇತ್ರಗಳು ಶೇ 55 ಮುಟ್ಟಲಿಲ್ಲ. ಎಂದಮೇಲೆ ಕಾರಣ ವಾರದಲ್ಲಿಲ್ಲ. ಹೆಸರು ತೆಗೆಸದ ಹಳೆಯ ವಿಳಾಸಗಳು, ಊರಿನ ಪಟ್ಟಿಯಲ್ಲೇ ಉಳಿದ ಬಾಡಿಗೆದಾರರು, ಬರೀ ಸೋಮಾರಿತನ, ಇವೆಲ್ಲವನ್ನೂ ಶೋಧಿಸುವುದಕ್ಕಿಂತ ಕ್ಯಾಲೆಂಡರನ್ನು ದೂರುವುದು ಸುಲಭ. ಶಾಯಿಯ ಬೆರಳು ತೋರಿಸಿದವರಿಗೆ ಕೆಲವು ಹೋಟೆಲುಗಳು ಉಚಿತವಾಗಿ ಬೆಣ್ಣೆ ದೋಸೆ ಕೊಟ್ಟದ್ದೂ ಉಂಟು. ಲಕೋಟೆಯಲ್ಲಿ ಮತ ಕಳುಹಿಸಿದ ಯೋಧನ ಬೆರಳಿಗೆ ಶಾಯಿ ಹಚ್ಚುವವರಿಲ್ಲ, ಆದ್ದರಿಂದ ಅವನು ರಜೆಯಲ್ಲಿ ಬಂದರೂ ದೋಸೆಗೆ ಪೂರ್ತಿ ಹಣ ತೆರಬೇಕು ಎಂಬುದನ್ನು ಕಡತದಲ್ಲಿ ನಮೂದಿಸಿಕೊಳ್ಳಿ.

ಶಾಯಿಯ ಪ್ರಸ್ತಾಪ ಬಂದದ್ದರಿಂದ ಇನ್ನೊಂದು ವಿಧಾನವನ್ನೂ ಹೇಳಬೇಕು. ಸಶಸ್ತ್ರ ಪಡೆಯವರು ಲಕೋಟೆಯನ್ನು ನಂಬದಿದ್ದರೆ 2003ರ ತಿದ್ದುಪಡಿಯ ಪ್ರಕಾರ ತಮ್ಮ ಊರಿನ ಒಬ್ಬರನ್ನು ಪ್ರತಿನಿಧಿಯಾಗಿ ನೇಮಿಸಿ, ಅವರ ಮೂಲಕ ಮತಗಟ್ಟೆಯಲ್ಲಿ ಮತ ಹಾಕಿಸಬಹುದು. ಆ ಪ್ರತಿನಿಧಿಗೆ ಸ್ವಂತ ಮತಕ್ಕೆ ಎಡಗೈ ತೋರುಬೆರಳಿಗೂ ಪರರ ಮತಕ್ಕೆ ನಡುಬೆರಳಿಗೂ ಶಾಯಿ ಹಚ್ಚಲಾಗುತ್ತದೆ. ಇಂಥವರಿಗೆ ಎರಡು ದೋಸೆ ಸಲ್ಲಬೇಕೇ ಎಂಬುದು ಇತ್ಯರ್ಥವಾಗಿಲ್ಲ.

ಪ್ರಶ್ನೆ: ಹೊಟ್ಟೆಪಾಡಿಗಾಗಿ ಊರು ಬಿಟ್ಟವರ ಗತಿಯೇನು?

ಲಕೋಟೆ: ಅವರನ್ನು ಸರ್ಕಾರ ಕಳುಹಿಸಿಲ್ಲ, ಹಸಿವು ಕಳುಹಿಸಿದೆ, ಹಸಿವಿಗೆ ಅಧಿಸೂಚನೆ ಹೊರಡಿಸುವ ಅಧಿಕಾರವಿಲ್ಲ. ಆದ್ದರಿಂದ ಯಾದಗಿರಿಯಿಂದಲೋ ರಾಯಚೂರಿನಿಂದಲೋ ಬಂದು ಬೆಂಗಳೂರಿನ ಕಟ್ಟಡಗಳಲ್ಲಿ ಗಾರೆ ಹೊರುವವರು ಮತದಾನದ ಹಿಂದಿನ ರಾತ್ರಿ ಮೆಜೆಸ್ಟಿಕ್ಕಿನಲ್ಲಿ ಬಸ್ಸಿನ ಕಿಟಕಿಯೊಳಗೆ ಟವೆಲ್ ಎಸೆದು ಸೀಟು ಹಿಡಿಯಬೇಕು, ಎರಡು ದಿನದ ಕೂಲಿ ಬಿಡಬೇಕು. ಗುಜರಾತಿನ ಗಿರ್ ಕಾಡಿನ ಬಾಣೇಜ್‌ನಲ್ಲಿ ಒಬ್ಬನೇ ಮತದಾರನಿಗಾಗಿ ಮತಗಟ್ಟೆಯನ್ನು ಸ್ಥಾಪಿಸುವ ವ್ಯವಸ್ಥೆಯಿದು. ಅದು ನಿಜಕ್ಕೂ ಹೆಮ್ಮೆಯ ಮಾತು. ಆ ಒಬ್ಬನು ಸೂರತ್ತಿನ ಗಿರಣಿಗೆ ದುಡಿಯಲು ಹೋದನೆಂದರೆ ಮಾತ್ರ ವ್ಯವಸ್ಥೆ ಅವನನ್ನು ಗುರುತಿಸಲಾರದು. 2019ರಲ್ಲಿ 30 ಕೋಟಿಗೂ ಹೆಚ್ಚು ಮತದಾರರು ಮತ ಹಾಕಲಿಲ್ಲವೆಂದು ಆಯೋಗವೇ ಲೆಕ್ಕ ಹೇಳಿ, 2022ರ ಡಿಸೆಂಬರಿನಲ್ಲಿ ಒಂದೇ ಮತಗಟ್ಟೆಯಿಂದ 72 ಕ್ಷೇತ್ರಗಳ ಮತ ಪಡೆಯಬಲ್ಲ ದೂರಮತದಾನ ಯಂತ್ರದ ಮಾದರಿಯನ್ನು ಪ್ರಕಟಿಸಿತು. ಮುಂದಿನ ತಿಂಗಳು ಪಕ್ಷಗಳನ್ನು ಕರೆದಾಗ ಅನೇಕರು ಆಕ್ಷೇಪ ಎತ್ತಿದರು. ವಲಸಿಗನೆಂದರೆ ಯಾರು, ದೂರದೂರಿನ ಮತಗಟ್ಟೆಯಲ್ಲಿ ಏಜೆಂಟರಾಗಿ ಯಾರು ಕೂರಬೇಕು ಎಂಬ ಪ್ರಶ್ನೆಗಳು ನ್ಯಾಯವಾದವೇ. 2024ರ ಚುನಾವಣೆಯಲ್ಲಿ ಅದು ಬಳಕೆಯಾಗಲಿಲ್ಲ. ಸದರಿ ಲಕೋಟೆಯ ಒಂದು ಸಂಶಯವನ್ನು ಮಾತ್ರ ಇಲ್ಲಿ ದಾಖಲಿಸಿ: ವಲಸಿಗರ ಮತ ಎತ್ತ ಬೀಳುತ್ತದೆಂದು ಪಕ್ಷಗಳಿಗೆ ಮೊದಲೇ ತಿಳಿದಿದ್ದರೆ ಅರ್ಧದಷ್ಟು ತಾಂತ್ರಿಕ ಆಕ್ಷೇಪಗಳು ಅಂದೇ ಬಗೆಹರಿಯುತ್ತಿದ್ದವು.

ಅನಿವಾಸಿ ಭಾರತೀಯರ ಪಾಡೂ ಭಿನ್ನವಲ್ಲವೆಂದು ಲಕೋಟೆ ಸೇರಿಸಿತು. 2010ರ ತಿದ್ದುಪಡಿಯಿಂದ ಅವರ ಹೆಸರು ಪಟ್ಟಿಗೆ ಸೇರುತ್ತದೆ, ಆದರೆ ದುಬೈಯಲ್ಲಿರುವ ಮಂಗಳೂರಿಗನು ಪಾಸ್‌ಪೋರ್ಟ್ ಹಿಡಿದು ಸ್ವತಃ ಮತಗಟ್ಟೆಗೇ ಬರಬೇಕು. ಪ್ರತಿನಿಧಿಯ ಮೂಲಕ ಮತ ಹಾಕಲು ಅವಕಾಶ ಕೊಡುವ ಮಸೂದೆಯು 2018ರಲ್ಲಿ ಲೋಕಸಭೆಯನ್ನು ದಾಟಿ, ರಾಜ್ಯಸಭೆಯನ್ನು ದಾಟದೆ, ಲೋಕಸಭೆಯ ಅವಧಿಯೊಂದಿಗೆ ತೀರಿಹೋಯಿತು. ಎಸ್ಟೋನಿಯಾದಲ್ಲಿ 2005ರಿಂದ ಇಂಟರ್ನೆಟ್ಟಿನಲ್ಲೇ ಮತ ಹಾಕುತ್ತಾರೆಂದು ನೆನಪಿಸಿದಾಗ, ಆ ದೇಶದ ಒಟ್ಟು ಜನಸಂಖ್ಯೆಯನ್ನು ಕೇಳಿ ತಿಳಿದುಕೊಂಡು, ಅಷ್ಟು ಜನ ಮೈಸೂರು ದಸರೆಯ ಜಂಬೂಸವಾರಿಯ ಜಂಗುಳಿಗೂ ಸಾಲರೆಂದು ಹೇಳಿ ಆ ವಿಷಯವನ್ನು ಅಲ್ಲಿಗೇ ಮುಗಿಸಿತು.

ಪ್ರಶ್ನೆ: ಇಷ್ಟೆಲ್ಲ ಕಷ್ಟಪಟ್ಟು ಬರುವ ಅಂಚೆ ಮತಗಳಿಂದ ಫಲಿತಾಂಶ ಬದಲಾಗುವುದುಂಟೇ?

ಲಕೋಟೆ: ಎಣಿಕೆಯಲ್ಲಿ ಮೊದಲು ಕೈಗೆತ್ತಿಕೊಳ್ಳುವುದೇ ಅಂಚೆ ಮತವನ್ನು. ಅದರ ಮೇಲೆ ದೂರದರ್ಶನದ ಪಂಡಿತರು ಅರ್ಧ ಗಂಟೆ ಸರ್ಕಾರ ರಚಿಸಿ, ಯಂತ್ರ ತೆರೆದ ಕೂಡಲೇ ಮರೆತುಬಿಡುತ್ತಾರೆ. ಆದರೆ 2023ರ ಮೇ 13ರಂದು ಜಯನಗರದಲ್ಲಿ, ತಿರಸ್ಕೃತ ಅಂಚೆ ಮತಗಳ ಮರುಪರಿಶೀಲನೆ ತಡರಾತ್ರಿಯವರೆಗೆ ನಡೆದು ಕೇವಲ 16 ಮತಗಳ ಅಂತರದಲ್ಲಿ ಫಲಿತಾಂಶ ಘೋಷಣೆಯಾದಾಗ, ಇಡೀ ರಾಜ್ಯವೇ ಸಹಿ ಸರಿಯಿದೆಯೇ, ಮೊಹರು ಇದೆಯೇ ಎಂದು ಲಕೋಟೆಗಳ ಜಾತಕ ನೋಡಿತು. ಆ ರಾತ್ರಿ ಸದರಿ ಲಕೋಟೆಯ ಕುಲಕ್ಕೆ ಸಿಕ್ಕ ಗೌರವ ಹಿಂದೆಂದೂ ಸಿಕ್ಕಿರಲಿಲ್ಲ.

ಪ್ರಶ್ನೆ: ಆದರೂ ಒಂದು ಮತ, ಅದರಲ್ಲೂ ತಡವಾಗಿ ಬಂದ ಮತ, ಎಷ್ಟರದು?

ಲಕೋಟೆ: ಸಂತೇಮರಹಳ್ಳಿಯಲ್ಲಿ ವಿಚಾರಿಸಿ. ಚಾಮರಾಜನಗರ ಜಿಲ್ಲೆಯ ಆ ಕ್ಷೇತ್ರ ಈಗ ವಿಂಗಡಣೆಯಲ್ಲಿ ಕರಗಿಹೋಗಿದೆ. 2004ರ ವಿಧಾನಸಭಾ ಚುನಾವಣೆಯಲ್ಲಿ ಅಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752 ಮತಗಳೂ ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751 ಮತಗಳೂ ಬಂದವು. ಸೋತ ಅಭ್ಯರ್ಥಿಯ ಕಾರಿನ ಚಾಲಕ ಅಂದು ಕರ್ತವ್ಯದಲ್ಲಿದ್ದುದರಿಂದ ಮತ ಹಾಕಲಾಗಲಿಲ್ಲವೆಂಬ ವೃತ್ತಾಂತ ಅಂದಿನಿಂದಲೂ ಪ್ರಚಲಿತವಿದೆ. ಅವನಿಗೆ ಕಾನೂನಿನ ಆಸರೆ ಇರಲಿಲ್ಲವೆಂದು ಭಾವಿಸಬೇಡಿ. ದುಡಿಯುವ ಪ್ರತಿಯೊಬ್ಬ ಮತದಾರನಿಗೂ ಮತದಾನದ ದಿನ ಸಂಬಳಸಹಿತ ರಜೆ ಕೊಡಬೇಕೆಂದೂ, ತಪ್ಪಿದ ಮಾಲೀಕನಿಗೆ 500 ರೂಪಾಯಿಯವರೆಗೆ ದಂಡ ವಿಧಿಸಬಹುದೆಂದೂ ಹೇಳುವ 135-ಬಿ ವಿಧಿಯನ್ನು 1996ರಲ್ಲೇ ಜನತಾ ಪ್ರಾತಿನಿಧ್ಯ ಕಾಯ್ದೆಗೆ ಸೇರಿಸಲಾಗಿತ್ತು. ಅದೇ ವಿಧಿಯ ಕೊನೆಯಲ್ಲೊಂದು ವಿನಾಯಿತಿಯೂ ಇದೆ: ಯಾವ ನೌಕರನ ಗೈರುಹಾಜರಿಯಿಂದ ಕೆಲಸಕ್ಕೆ ಅಪಾಯ ಅಥವಾ ಗಣನೀಯ ನಷ್ಟ ಉಂಟಾಗಬಹುದೋ ಅವನಿಗೆ ಈ ರಜೆ ಅನ್ವಯಿಸುವುದಿಲ್ಲ. ಸಂತೇಮರಹಳ್ಳಿಯಲ್ಲಿ ಗಣನೀಯ ನಷ್ಟ ಉಂಟಾದದ್ದು ಚಾಲಕನ ಹಾಜರಿಯಿಂದ; ಅದಕ್ಕೆ ಕಾಯ್ದೆಯಲ್ಲಿ ಇದುವರೆಗೆ ಯಾವ ಉಪವಿಧಿಯೂ ಇಲ್ಲ.